ಧಾರವಾಡದ ಚಳಿಯಾಗ ಮನಿ ಹಾಟ್ ಟಬ್ ಹೆಂಗ ಬಳಸೂದು

ದೀಪಾವಳಿ ಮುಗೀತು ಅಂದ್ರ ಸಾಕು, ಅದ ಪ್ರಶ್ನಿಗೋಳು ಮತ್ತ ಚಾಲೂ. "ಥಂಡಿಯಾಗ ಟಬ್ ನಡಸ್ಬಹುದೇನ್ರಿ?" "ರಾತ್ರಿ ಹೀಟರ್ ಬಂದ್ ಮಾಡೂದೋ ಹಂಗ ಬಿಡೂದೋ?" "ಲೈಟ್ ಬಿಲ್ ಎಷ್ಟ ಬರ್ತದ?" ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳಿ ಹೇಳಿ ನನ್ನ ಗಂಟಲ ಒಣಗೇದ, ಅದಕ್ಕ ಒಮ್ಮೆ ಕುಂತು ಎಲ್ಲಾ ಬರದಿಡ್ತೀನಿ, ಇನ್ನ ಯಾರರೆ ಕೇಳಿದ್ರ ಇದನ್ನ ಕಳಸೂದು.

ಮೊದಲ ಒಂದು ಮಾತು ತಲ್ಯಾಗ ಇಟ್ಕೋರಿ. ನೆಟ್ಟಿನ್ಯಾಗ ಸಿಗೂ ಮಾಹಿತಿ ಭಾಳಷ್ಟು ಹಿಮ ಬೀಳೂ ದೇಶದ ಮಂದಿ ಬರದದ್ದು. ಪೈಪಿನ್ಯಾಗ ನೀರು ಗಡ್ಡಿಕಟ್ಟಿ ಒಡೀತದ, ಚಳಿಗಾಲದಾಗ ಟಬ್ ಒಂದ್ ದಿನಾನೂ ಬಂದ್ ಮಾಡ್ಬ್ಯಾಡ್ರಿ ಅಂತ ಹೆದರಸ್ತಾರ. ನಮ್ಮ ಕಡೆ ಡಿಸೆಂಬರ್ ಜನವರಿಯಾಗ ನಸುಕಿನ್ಯಾಗ 13-15 ಡಿಗ್ರಿ, ಒಮ್ಮೊಮ್ಮೆ 10ರ ಹತ್ರ ಇಳೀತದ, ಆದ್ರ ಅದ ದಿನ ಮಧ್ಯಾಹ್ನ ನೋಡಿದ್ರ 29-30. ಪೈಪ್ ಒಡಿಯೂ ಮಾತ ಇಲ್ಲ. ನಮ್ಮ ತ್ರಾಸ ಬ್ಯಾರೆ: ಒಣ ಮೂಡಗಾಳಿ, ಗಡಸು ನೀರು, ಸಂಜಿಮುಂದ ಇಳಿಯೂ ವೋಲ್ಟೇಜು, ಮತ್ತ ಮುಚ್ಚಳ ಹಾಕಾಕ ಬ್ಯಾಸರ ಮಾಡ್ಕೊಳ್ಳೂ ನಾವು. ಮಧ್ಯಾಹ್ನದ ಬಿಸಲನ್ನ ಕೆಲಸಕ್ಕ ಹಚ್ಚಿ, ಮುಚ್ಚಳ ಸರಿಯಾಗಿ ಹಾಕಿದ್ರ ನಮ್ಮ ಚಳಿಗಾಲ ಹಾಟ್ ಟಬ್ಬಿಗೆ ಅಗದಿ ಛಲೋ ಕಾಲ.

ಇನ್ನೊಂದು, ಭಾಳ ಮಂದಿ ಇದನ್ನ ಬಾತ್‌ಟಬ್ ಅಂತ ತಿಳ್ಕೋತಾರ. ಬಾತ್‌ಟಬ್ಬಿನ ನೀರು ಒಂದ ಸಲ ಬಳಸಿ ಚೆಲ್ಲೂದು. ಹಾಟ್ ಟಬ್ಬಿನ್ಯಾಗ ಅದ ನೀರು ಎರಡು ಮೂರು ವಾರ ಇರ್ತದ, ಪಂಪ್ ಅದನ್ನ ಫಿಲ್ಟರಿನ್ಯಾಗ ತಿರುಗಿಸ್ತದ, ಹೀಟರ್ ಕಾಯಿಸ್ತದ, ಕ್ಲೋರಿನ್ ಅದನ್ನ ಶುದ್ಧ ಇಡ್ತದ. ಅಂದ್ರ ಇದು ಕೂಡೂ ಜಾಗಾ, ಮೈ ತೊಳ್ಕೊಳ್ಳೂ ಜಾಗಾ ಅಲ್ಲ. ಇದೊಂದು ತಿಳದ್ರ ಅರ್ಧ ತಪ್ಪು ಆಗೂದ ಇಲ್ಲ.

ನಾ ಲೆಕ್ಕ ಹಾಕೂದೆಲ್ಲ ಗಾಳಿ ತುಂಬೂ ಟಬ್ಬಿಂದು, ನಾಕು ಮಂದಿ ಕೂಡೂವಂಥಾದ್ದು, ಸುಮಾರು 900 ಲೀಟರ್ ನೀರು, 2000 ವ್ಯಾಟ್ ಹೀಟರ್. ನಿಮ್ಮದು ಸಣ್ಣದೋ ದೊಡ್ಡದೋ ಇದ್ರ ಆ ಪ್ರಮಾಣಕ್ಕ ಹೊಂದಿಸ್ಕೋರಿ.

ಬೇಕಾಗೂ ಸಾಮಾನು: ಗಟ್ಟಿ ಮುಚ್ಚಳ (ಟಬ್ ಜೋಡಿ ಬಂದದ್ದ ಸಾಕು, ಬೆಲ್ಟ್ ಇರಬೇಕು), ತಳಕ್ಕ ಹಾಸೂ ಫೋಮ್ ಶೀಟು, ಒಂದು ಜೋಡಿ ಹೆಚ್ಚಿನ ಫಿಲ್ಟರ್, ಕ್ಲೋರಿನ್ ಹರಳು, ನೀರು ಪರೀಕ್ಷಾ ಮಾಡೂ ಪಟ್ಟಿ (ನೀರಾಗ ಅದ್ದಿದ್ರ ಬಣ್ಣ ಬದಲಾಗೂ ಕಾಗದ, ಡಬ್ಬಿ ಮ್ಯಾಲಿನ ಬಣ್ಣಕ್ಕ ಹೋಲಿಸಿ ನೋಡೂದು), ತೇಲೂ ಥರ್ಮಾಮೀಟರ್, ಕಾಲು ತೊಳ್ಕೊಳ್ಳಾಕ ಒಂದು ಬುಟ್ಟಿ ನೀರು, ಜಾರದಂಥಾ ಚಪ್ಲಿ.

1. ಜಾಗಾ

ಟೆರೇಸ್ ಮ್ಯಾಲೆ ಇಡಬ್ಯಾಡ್ರಿ. "ಮ್ಯಾಲೆ ಚುಕ್ಕಿ ನೋಡ್ಕೋತ ಕೂಡಬಹುದಲ್ರಿ" ಅಂತಾರ, ಚುಕ್ಕಿ ಹಿತ್ತಲದಾಗೂ ಕಾಣ್ತಾವು. ಲೆಕ್ಕ ನೋಡ್ರಿ: 900 ಲೀಟರ್ ನೀರು ಅಂದ್ರ 900 ಕೆಜಿ, ನಾಕು ಮಂದಿ ಕುಂತ್ರ ಇನ್ನೊಂದು 250, ಒಟ್ಟು 1150. ಟಬ್ಬಿನ ಅಡ್ಡಳತಿ 1.8 ಮೀಟರ್ ಇದ್ರ ತಳದ ಜಾಗಾ ಎರಡೂವರಿ ಚದರ ಮೀಟರ್, ಅಂದ್ರ ಒಂದೊಂದು ಚದರ ಮೀಟರಿಗೆ 450 ಕೆಜಿ ಭಾರ. ನಮ್ಮ ದೇಶದ ಕಟ್ಟಡದ ನಿಯಮ ಐಎಸ್ 875 ಪ್ರಕಾರ ಮಂದಿ ಓಡಾಡೂ ಛಾವಣಿಗೆ ಲೆಕ್ಕ ಹಿಡಿಯೂದು ಸುಮಾರು 150, ಮನಿ ಒಳಗಿನ ಖೋಲಿಗೆ 200. ಮೂರು ಪಟ್ಟು ಹೆಚ್ಚಾತು. "ನಮ್ಮ ಸ್ಲ್ಯಾಬ್ ಗಟ್ಟಿ ಅದ, ಮೇಸ್ತ್ರಿ ಹೇಳ್ಯಾನ" ಅನ್ನೂದು ಉತ್ತರ ಅಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಬರದು ಕೊಟ್ರ ಅಷ್ಟ ಇಡ್ರಿ.

ನೆಲದ ಮ್ಯಾಲೆ, ಸಪಾಟಾದ ಕಾಂಕ್ರೀಟು ಇಲ್ಲಾ ಫರ್ಸಿ ಹಾಸಿದ ಜಾಗಾ ಬೇಕು. ಬರೇ ಎರಿ ಮಣ್ಣಿನ ಮ್ಯಾಲೆ ಇಟ್ರ ಚಳಿಗಾಲದಾಗ ಅದು ಒಣಗಿ ಬಿರಕ ಬಿಡ್ತದ, ಟಬ್ ಒಂದ ಕಡೆ ವಾಲ್ತದ. ಮೂಡಣ ದಿಕ್ಕಿಗೆ ಗೋಡಿ ಇರೂ ಕಡೆ ಹುಡುಕ್ರಿ, ಯಾಕಂದ್ರ ಚಳಿಗಾಲದಾಗ ಗಾಳಿ ಬೀಸೂದು ಆ ಕಡಿಂದ. ಗೋಡಿ ಇಲ್ಲಂದ್ರ ಒಂದು ಹಸರ ಶೇಡ್ ನೆಟ್ ಎರಡು ಪದರ ಕಟ್ಟಿದ್ರೂ ನಡೀತದ. ತಳಕ್ಕ ಫೋಮ್ ಶೀಟ್ ಹಾಸೂದು ಮರೀಬ್ಯಾಡ್ರಿ, ಥಂಡಿ ನೆಲ ತಳಗಿಂದ ಬಿಸಿ ಎಳಕೊಂಡ ಹೋಗ್ತದ.

ಮನಿ ಬಾಗಲದಿಂದ ಹತ್ತು ಹದಿನೈದು ಹೆಜ್ಜಿ ದೂರ ಇದ್ರ ಸಾಕು. ದೂರ ಇಟ್ರ ಹೋಗುವಾಗ ಏನ ಅನಸೂದಿಲ್ಲ, ಹೊಳ್ಳಿ ಬರುವಾಗ ಗೊತ್ತಾಗ್ತದ.

2. ಕರೆಂಟು

ಇಲ್ಲಿ ಉಳಿತಾಯ ಮಾಡಾಕ ಹೋಗಬ್ಯಾಡ್ರಿ. ನೀರಾಗ ಕುಂತ ಮೈಗೆ ಕರೆಂಟ್ ತಾಗಿದ್ರ ಏನಾಗ್ತದ ಅಂತ ನಾ ಬಿಡಿಸಿ ಹೇಳೂದ ಬ್ಯಾಡ.

ಬೋರ್ಡಿಂದ ನೇರ ಬಂದ 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬಿಲ್‌ಕುಲ್ ಬ್ಯಾಡ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಸ್ರಿ. ಆರ್‌ಸಿಸಿಬಿ ಅಂದ್ರ ಕರೆಂಟ್ ಎಲ್ಲೆರೆ ಸೋರಿದ್ರ ಕಣ್ಣ ಪಿಳಕಿಸೂದ್ರಾಗ ಲೈನ್ ಕಡಿಯೂ ಸ್ವಿಚ್ಚು, ಅದ್ರ ಮ್ಯಾಲೆ ಒಂದು ಟೆಸ್ಟ್ ಗುಂಡಿ ಇರ್ತದ, ತಿಂಗಳಿಗೊಮ್ಮೆ ಒತ್ತಿ ನೋಡ್ರಿ, ಟಪ್ಪಂತ ಬೀಳಬೇಕು. ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬೀಳೂ ಸ್ವಿಚ್ಚು) ಅದ ಅಲ್ರಿ ಅಂತ ಕೇಳ್ತಾರ, ಎಂಸಿಬಿ ವೈರ್ ಉಳಸ್ತದ, ಮನಶ್ಯಾನ್ನ ಅಲ್ಲ.

ಅರ್ಥಿಂಗಿಗೆ ನೆಲದಾಗ ತೋಡಿದ ತಗ್ಗು ಚಳಿಗಾಲದಾಗ ಒಣಗ್ತದ, ಮಳಿಗಾಲದಾಗ ಸರಿ ಇದ್ದ ಅರ್ಥಿಂಗ್ ಜನವರಿಯಾಗ ಸರಿ ಇರಬೇಕು ಅಂತೇನಿಲ್ಲ. ವಾರಕ್ಕೊಮ್ಮೆ ಎರಡು ಕೊಡ ನೀರು ಸುರೀರಿ, ಎಲೆಕ್ಟ್ರಿಷಿಯನ್ ಕಡಿಂದ ಒಮ್ಮೆ ಅಳಸ್ರಿ. ಮನಿ ಇನ್ವರ್ಟರಿಗೆ ಟಬ್ ಜೋಡಸಬ್ಯಾಡ್ರಿ, ಅದಕ್ಕ ಆ ಹೀಟರ್ ಎಳಿಯೂ ತಾಕತ್ತಿಲ್ಲ.

3. ನೀರು ತುಂಬೂದು

ಹುಬ್ಬಳ್ಳಿ-ಧಾರವಾಡದವರು ಮಲಪ್ರಭಾದ ನಳದ ನೀರು ಬಂದ ದಿನಾನ ತುಂಬಿಸ್ರಿ, ನಾಳೆ ನಳ ಬರ್ತದ ಅಂತ ಮನಿ ಟಾಕಿ ಖಾಲಿ ಮಾಡಬ್ಯಾಡ್ರಿ, ನಾಳೆ ಅಂದದ್ದು ಐದು ದಿನಕ್ಕ ಬಂದ್ರ ಮನ್ಯಾಗ ಏನಂತಾರ ಅಂತ ನಿಮಗ ಗೊತ್ತ ಅದ. ಬೋರಿನ ನೀರು ಭಾಳ ಕಡೆ ಗಡಸು, ಗದಗ ಕಡೆ ಅಂತೂ ಹೇಳೂದ ಬ್ಯಾಡ. ಗುರುತು ಸರಳ: ಸಾಬೂನು ನೊರಿ ಬಿಡೂದಿಲ್ಲ, ಬ್ಯಾಳಿ ಲಗೂನ ಬೇಯೂದಿಲ್ಲ, ಬುಟ್ಟಿಗೆ ಬಿಳಿ ಕಟ್ತದ. ಅಂಥಾ ನೀರು ಕಾಸಿದ್ರ ಅದರಾಗಿನ ಸುಣ್ಣ ಎಲ್ಲಾ ಹೀಟರಿಗೆ ಅಂಟತದ, ಎರಡು ವರ್ಷ ಬರೂ ಹೀಟರ್ ಒಂದ ಚಳಿಗಾಲಕ್ಕ ಸುಟ್ಟ ಹೋಗಬಹುದು. ಬೋರ್ ಬಿಟ್ರ ಗತಿ ಇಲ್ಲ ಅನ್ನೂವರು ಅರ್ಧ ನಳದ ನೀರು ಇಲ್ಲಾ ಕೂಡಿಟ್ಟ ಮಳಿ ನೀರು ಬೆರಸ್ರಿ.

ಈಗ ನನ್ನ ಪ್ರಕಾರ ಎಲ್ಲಾಕಿಂತ ಉಪಯೋಗದ ಯುಕ್ತಿ. ನಿಮ್ಮ ಮನಿ ಮ್ಯಾಲೆ ಸೋಲಾರ್ ವಾಟರ್ ಹೀಟರ್ ಇದ್ರ ಅದನ್ನ ಹಚ್ಚಿ. ನಳದ ನೀರು 22 ಡಿಗ್ರಿ ಇರ್ತದ ಅಂತ ಹಿಡೀರಿ. 900 ಲೀಟರನ್ನ 22ರಿಂದ 39ಕ್ಕ ಏರಸಾಕ ಹತ್ರಹತ್ರ 18 ಯೂನಿಟ್ ಬೇಕು. ಅದ 700 ಲೀಟರ್ ತಣ್ಣೀರು ಹಾಕಿ, ಮ್ಯಾಲೆ ಸೋಲಾರಿನ 200 ಲೀಟರ್ 60 ಡಿಗ್ರಿ ನೀರು ಬೆರಸಿದ್ರ ಟಬ್ ಶುರುನ 30 ಡಿಗ್ರಿಗೆ ಆಗ್ತದ, ಉಳಿದದ್ದಕ್ಕ ಒಂಬತ್ತು ಒಂಬತ್ತೂವರಿ ಯೂನಿಟ್ ಸಾಕು. ಅರ್ಧ ಉಳೀತು. ಹುಷಾರ್, ಮೊದಲ ತಣ್ಣೀರು, ಆಮ್ಯಾಲೆ ಬಿಸಿನೀರು, ಅದೂ ನಡುವ ಪೈಪ್ ಹಿಡದು ಸಾವಕಾಶ. ಖಾಲಿ ಟಬ್ಬಿಗೆ ಸುಡು ನೀರು ಬಿಟ್ರ ಪ್ಲಾಸ್ಟಿಕ್ಕು ಮೆತ್ತಗಾಗಿ ಜೋಡು ಬಿಡ್ತದ.

ಹಂಡೆದಾಗ ಕುದಿಸಿದ ನೀರು ತಂದು ಸುರಿಯೂದು, ನೀರು ಕಾಸೂ ರಾಡ್ ಟಬ್ಬಿಗೆ ಇಳಿಬಿಡೂದು, ಎರಡೂ ಬ್ಯಾಡ. ರಾಡಿನ ಮಾತು ಚ್ಯಾಷ್ಟಿಗೆ ಹೇಳ್ತಿಲ್ಲ, ಕೇಳಿದವರು ಅದಾರ.

4. ಕಾಯಿಸೂದು

2000 ವ್ಯಾಟ್ ಹೀಟರ್ ತಾಸಿಗೆ 900 ಲೀಟರನ್ನ ಎರಡು ಡಿಗ್ರಿ ಒಳಗ ಏರಸ್ತದ, ಗಾಳಿಗೆ ಹೋಗೂದು ಕಳದ್ರ ಒಂದೂವರಿ ಅಂತ ಹಿಡೀರಿ. ಅಂದ್ರ ತಣ್ಣೀರಿಂದ ಶುರು ಮಾಡಿದ್ರ ಹತ್ತು ಹನ್ನೆರಡು ತಾಸು. ಸಂಜಿ ಆರಕ್ಕ ಸ್ವಿಚ್ ಒತ್ತಿ ಎಂಟಕ್ಕ ಇಳೀತೀನಿ ಅಂದ್ರ ಆಗೂದಿಲ್ಲ, ಹೊಸಬರೆಲ್ಲ ಮಾಡೂ ತಪ್ಪು ಇದ. ಸೋಲಾರ್ ನೀರು ಬೆರಸಿದವರು ಮುಂಜಾನೆ ಹತ್ತು ಹನ್ನೊಂದಕ್ಕ ಚಾಲೂ ಮಾಡ್ರಿ, ತಣ್ಣೀರಿನವರು ನಸುಕಿಗೆ. ಹೊರಗ 29 ಡಿಗ್ರಿ ಇದ್ದಾಗ ಬಿಸಿ ಸೋರೂದು ಕಡಿಮಿ, ವೋಲ್ಟೇಜೂ ಛಲೋ ಇರ್ತದ. ವೋಲ್ಟೇಜ್ 230 ಇದ್ದದ್ದು ಸಂಜಿಗೆ 200ಕ್ಕ ಇಳದ್ರ 2000 ವ್ಯಾಟಿನ ಹೀಟರ್ 1500ರಷ್ಟ ಕೆಲಸ ಮಾಡ್ತದ, ಕಾಲ ಭಾಗ ತಾಕತ್ತು ಹೋತು.

ಕಾಯುವಾಗ ಮುಚ್ಚಳ ಬೇಕ ಬೇಕು. ಬಿಸಿ ನೀರು ಹೆಚ್ಚು ಬಿಸಿ ಕಳ್ಕೊಳ್ಳೂದು ಆವಿಯಾಗಿ. ಒಂದು ಲೀಟರ್ ನೀರು ಆವಿಯಾತಂದ್ರ ಯೂನಿಟ್ಟಿನ ಮೂರರಾಗ ಎರಡು ಪಾಲು ಅದ್ರ ಜೋಡಿ ಹೋತು. ರಾತ್ರಿ ಮುಚ್ಚಳ ತಗದ ಬಿಟ್ಟು ಮುಂಜಾನೆ ಒಂದು ಹತ್ತು ಲೀಟರಿನ ಬುಟ್ಟಿಯಷ್ಟು ನೀರು ಕಡಿಮಿ ಕಂಡ್ರ ಆರೇಳು ಯೂನಿಟ್ ಧಾರವಾಡದ ಗಾಳಿಗೆ ಕೊಟ್ರಿ ಅಂತ ತಿಳೀರಿ. ಮುಚ್ಚಳದ ತಳಗ ನೀರಿನ ಮ್ಯಾಲೆ ತೇಲೂ ಬಬಲ್ ಶೀಟ್ ಹಾಸಿದ್ರ ಇನ್ನೂ ಛಲೋ.

ರಾತ್ರಿ ಬಂದ್ ಮಾಡೂದೋ ಬಿಡೂದೋ? "ಬಂದ್ ಮಾಡಿ ಮತ್ತ ಕಾಸಿದ್ರ ಹೆಚ್ಚು ಕರೆಂಟ್ ಹೋಗ್ತದ" ಅನ್ನೂದು ಸುಳ್ಳು. ನೀರು ಎಷ್ಟ ಬಿಸಿ ಇರ್ತದೋ ಅಷ್ಟ ಬಿಸಿ ಹೊರಗ ಸೋರ್ತಿರ್ತದ, ತಣ್ಣಗಾದಂಗ ಸೋರೂದೂ ಕಡಿಮಿ ಆಗ್ತದ. ಹಂಗಾಗಿ ವಾರಕ್ಕ ಒಂದೆರಡು ಸಲ ಕೂಡೂವರು ಹೀಟರ್ ಬಂದ್ ಮಾಡ್ರಿ. ದಿನಾ ಕೂಡೂವರು ಐದಾರು ಡಿಗ್ರಿ ಇಳಿಸಿ ಇಟ್ರ ಮರುದಿನ ಕಾಯಾಕ ಹೊತ್ತು ಉಳೀತದ, ಅದು ಅನುಕೂಲದ ಮಾತು, ಉಳಿತಾಯದ್ದಲ್ಲ. ಹೀಟರ್ ಬಂದ್ ಆದ್ರೂ ಪಂಪ್ ದಿನಾ ಕೆಲವು ತಾಸು ತಿರಗ್ಲಿ, ಕ್ಲೋರಿನ್ ಇರ್ಲಿ. ನಡುವ ಕರೆಂಟ್ ಹೋತಂತ ಗಾಬರಿ ಬ್ಯಾಡ, ಮುಚ್ಚಳ ಹಾಕಿದ್ರ ಒಂದೆರಡು ತಾಸಿಗೆ ದೊಡ್ಡ ಫರಕ ಬೀಳೂದಿಲ್ಲ.

ಬಿಲ್ಲಿನ ವಿಷಯ: ವಾರಕ್ಕೊಮ್ಮೆ ತಣ್ಣೀರಿಂದ ಕಾಸಿದ್ರೂ ತಿಂಗಳಿಗೆ 80-100 ಯೂನಿಟ್ ಬೀಳ್ತದ. ಗೃಹಜ್ಯೋತಿ ಇದ್ದವರು ಇದನ್ನ ಮರತ ಬಿಡ್ತಾರ. ತಿಂಗಳಿಗೆ 200 ಯೂನಿಟ್ ದಾಟಿದ್ರ ದಾಟಿದಷ್ಟಕ್ಕಲ್ಲ, ಪೂರಾ ಬಿಲ್ ಕಟ್ಟಬೇಕು. ಶುರು ಮಾಡೂ ಮೊದಲ ಮೀಟರ್ ನೋಡ್ರಿ.

ಮತ್ತೊಂದು ಫೋನ್ ಪ್ರತಿ ಡಿಸೆಂಬರಿಗೆ ಬರ್ತದ, "ಟಬ್ ಪಂಕ್ಚರ್ ಆಗೇದ್ರಿ, ಮುಂಜಾನೆ ಗೋಡಿ ಮೆತ್ತಗಾಗಿತ್ತು". ಪಂಕ್ಚರ್ ಅಲ್ಲದು. ಥಂಡಿಗೆ ಒಳಗಿನ ಗಾಳಿ ಕುಗ್ಗತದ, ಬಿಸಲೇರಿದ ಮ್ಯಾಲೆ ತಾನ ಬಿಗೀತದ. ಮುಂಜಾನೆ ಕುತಗಿ ಮಟ ಗಾಳಿ ತುಂಬಿಟ್ರ ಮಧ್ಯಾಹ್ನ ಹೊಲಿಗಿ ಬಿಚ್ಚತದ.

5. ಕ್ಲೋರಿನ್ ಮತ್ತ ಪಿಎಚ್

25ರಿಂದ 45 ಡಿಗ್ರಿ ನೀರು ರೋಗದ ಕ್ರಿಮಿಗೆ ಅಗದಿ ಇಷ್ಟ. ಲೀಜಿಯೊನೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಇಂಥಾ ನೀರಾಗ ಬೆಳದು, ಟಬ್ ಬಿಡೂ ಗಾಳಿಗುಳ್ಳಿ ಒಡದಾಗ ಏಳೂ ಹನಿ ಜೋಡಿ ಪುಪ್ಪಸಕ್ಕ ಹೋಗಿ ನ್ಯುಮೋನಿಯಾ ತರ್ತದ. ಸುಡೋಮೋನಾಸ್ ಅನ್ನೂ ಇನ್ನೊಂದು ಮೈಮ್ಯಾಲೆ ಕೆಂಪು ಗುಳ್ಳಿ ಎಬ್ಬಸ್ತದ. ಎರಡಕ್ಕೂ ಉತ್ತರ ಕ್ಲೋರಿನ್.

ಹಾಟ್ ಟಬ್ಬಿನ್ಯಾಗ ಕ್ಲೋರಿನ್ ಕಡಿಮಿ ಅಂದ್ರೂ 3 ಪಿಪಿಎಂ ಇರಬೇಕು. ಪಿಪಿಎಂ ಅಂದ್ರ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಡೈಕ್ಲೋರ್ ಅನ್ನೂ ಹರಳು ತಗೋರಿ, 900 ಲೀಟರಿಗೆ 5 ಗ್ರಾಂ, ಅಂದ್ರ ಸಣ್ಣ ಚಮಚಾದಷ್ಟು, ಹಾಕಿದ್ರ 3 ಪಿಪಿಎಂ ಏರ್ತದ. ಒಂದು ಚರಗಿ ನೀರಾಗ ಕರಗಿಸಿ ಪಂಪ್ ತಿರಗುವಾಗ ಸುರೀರಿ. ಯಾವಾಗಲೂ ನೀರಿಗೆ ಹರಳು ಹಾಕೂದು, ಹರಳಿನ ಮ್ಯಾಲೆ ನೀರು ಹಾಕೂದಲ್ಲ. ಬಿಸಿ ನೀರಾಗ ಕ್ಲೋರಿನ್ ಲಗೂನ ಖರ್ಚಾಗ್ತದ, ಅದಕ್ಕ ಪ್ರತಿ ಸಲ ಕೂಡೂ ಮೊದಲ ಪಟ್ಟಿ ಅದ್ದಿ ನೋಡ್ರಿ, ಎದ್ದ ಮ್ಯಾಲೆ ಒಂದಿಷ್ಟು ಹಾಕಿ ಹದಿನೈದು ಇಪ್ಪತ್ತು ನಿಮಿಷ ಮುಚ್ಚಳ ತಗದಿಟ್ಟು ಆಮ್ಯಾಲೆ ಮುಚ್ಚರಿ.

ಪಿಎಚ್ ಅಂದ್ರ ನೀರು ಹುಳಿಯೋ (ಆಮ್ಲ) ಕ್ಷಾರವೋ ಅಂತ ಹೇಳೂ ಅಳತಿ, 7.2ರಿಂದ 7.8ರ ನಡು ಇರ್ಲಿ. ನಮ್ಮ ನೀರಿನ್ಯಾಗ ಅದು ಮ್ಯಾಲೆ ಮ್ಯಾಲೆ ಹೋಗ್ತದ, ಗುಳ್ಳಿ ಬಿಟ್ಟಷ್ಟು ಇನ್ನೂ ಏರ್ತದ, 8 ದಾಟಿತಂದ್ರ ಹಾಕಿದ ಕ್ಲೋರಿನ್ನಿನ ಶಕ್ತಿ ಭಾಳ ಕುಂದ್ತದ. ಪಿಎಚ್ ಇಳಸೂ ಪುಡಿ ಸಿಗ್ತದ, ಅದನ್ನ ಬಳಸ್ರಿ. ನಿಂಬಿಹಣ್ಣು ಹಿಂಡಬ್ಯಾಡ್ರಿ, ಅದು ಕ್ಲೋರಿನ್ನ ತಿಂದ ಹಾಕ್ತದ.

ಅಗದಿ ದೊಡ್ಡ ಎಚ್ಚರಿಕಿ: ಬ್ಲೀಚಿಂಗ್ ಪೌಡರ್ ಅಗ್ಗ ಅಂತ ತಂದು ಇದ್ರ ಜೋಡಿ ಕೂಡಸಬ್ಯಾಡ್ರಿ. ಬ್ಯಾರೆ ಬ್ಯಾರೆ ನಮೂನಿ ಕ್ಲೋರಿನ್ ಪುಡಿ ಒಂದ ಡಬ್ಬಿಯಾಗ ಬೆರತ್ರ ಬೆಂಕಿ ಹತ್ತಬಹುದು. ಟಾಯ್ಲೆಟ್ ತೊಳಿಯೂ ಆಸಿಡ್ ಹತ್ರಾನೂ ಇಡಬ್ಯಾಡ್ರಿ, ಕೂಡಿದ್ರ ವಿಷಗಾಳಿ ಏಳ್ತದ.

6. ಕೂಡೂದು

ಎಣ್ಣಿ ಹಚ್ಕೊಂಡು ಟಬ್ಬಿಗೆ ಇಳಿಬಹುದೇನು? ಇಲ್ರಿ. ನಮ್ಮ ಮಂದಿಗೆ ಚಳಿಗಾಲ, ಬಿಸಿನೀರು ಅಂದ್ರ ಕೊಬ್ಬರಿ ಎಣ್ಣಿ ತಿಕ್ಕಿ ಎರಕೊಳ್ಳೂದ ನೆನಪಾಗ್ತದ, ಅದು ಬಚ್ಚಲಕ್ಕ ಸರಿ. ಟಬ್ಬಿನ್ಯಾಗ ಎಣ್ಣಿ ಫಿಲ್ಟರ್ ಮುಚ್ಚತದ, ಕ್ಲೋರಿನ್ ನುಂಗತದ, ಅಂಚಿಗೆ ಜಿಡ್ಡು ಕಟ್ತದ. ಸೀಗಿಕಾಯಿ, ಕಡ್ಲಿಹಿಟ್ಟು, ಅರಿಶಿಣ, ಬೇವಿನ ತಪ್ಪಲ, ಗುಲಾಬಿ ಪಕಳಿ ಯಾವುದೂ ಬ್ಯಾಡ. ಮೊದಲ ಬಚ್ಚಲದಾಗ ಸಾಬೂನು ಹಚ್ಚಿ ಸ್ನಾನ ಮಾಡಿ ಪೂರಾ ತೊಳ್ಕೊಂಡ ಬರ್ರಿ, ಕಾಲ್ಗೆಜ್ಜಿ ಕಾಲುಂಗುರ ತಗದಿಡ್ರಿ, ಬೆಳ್ಳಿ ಕರಗಾಗ್ತದ. ಉದ್ದ ಕೂದಲಾ ಮ್ಯಾಲೆ ಕಟ್ರಿ, ತಲಿ ಮುಳಗಸಬ್ಯಾಡ್ರಿ, ಪಂಪ್ ನೀರು ಎಳಿಯೂ ತೂತಿಗೆ ಕೂದಲಾ ಸಿಕ್ಕರ ಅಪಾಯ.

ನೀರು 40 ಡಿಗ್ರಿ ಮೀರಬಾರದು. ನನ್ನ ಕೇಳಿದ್ರ 38 ಸಾಕು, ಹೊರಗ 15 ಇದ್ದಾಗ ಅದ ಸ್ವರ್ಗ. 40ರಾಗ ಹದಿನೈದು ನಿಮಿಷ, 38ರಾಗ ಇಪ್ಪತ್ತು, ಆಮ್ಯಾಲೆ ಏಳ್ರಿ. ಥಂಡಿಯಾಗ ಮುಖಕ್ಕ ತಂಪು ಹತ್ತಿರ್ತದ, ಮೈ ಒಳಗ ಕಾದದ್ದು ಗೊತ್ತಾಗೂದಿಲ್ಲ, ಬೆವರಿದ್ದೂ ಕಾಣೂದಿಲ್ಲ, ಅದಕ್ಕ ಗಡಿಯಾರ ನೋಡೂದು. ಪಕ್ಕಕ್ಕ ಕುಡಿಯೂ ನೀರು ಇರ್ಲಿ. ಶೆರೆ ಕುಡದು ಇಳಿಯೂದು ಬ್ಯಾಡ, ನಿದ್ದಿ ಹತ್ತಿ ಮುಳಗಿದ್ರ ಎಬ್ಬಸೂವರು ಯಾರು. ರೊಟ್ಟಿ ಊಟ ಹೊಟ್ಟಿ ತುಂಬ ಹೊಡದ ಕೂಡಲೆ ಬ್ಯಾಡ.

ಬಸುರಿದ್ದವರು, ಐದು ವರ್ಷದೊಳಗಿನ ಹುಡುಗ್ರು ಇಳಿಬಾರದು. ಬಿಪಿ, ಹೃದಯದ ತ್ರಾಸ ಇದ್ದವರು ಡಾಕ್ಟರನ್ನ ಕೇಳಿ ಇಳೀರಿ. ಶುಗರ್ ಇದ್ದು ಪಾದ ಜೋಮ ಹಿಡಿಯೂ ಅಜ್ಜ ಅಮ್ಮಗೋಳಿಗೆ ನೀರಿನ ಬಿಸಿ ಗೊತ್ತಾಗೂದಿಲ್ಲ, ಅವರನ್ನೂ ಡಾಕ್ಟರಿಗೆ ಕೇಳಿನ ಕೂಡಸ್ರಿ.

ಗುಳ್ಳಿ ಬಟನ್ ಒತ್ತಿದ್ರ ಹೊರಗಿನ ಥಂಡಿ ಗಾಳೀನ ನೀರಿಗೆ ಹೋಗೂದು, ಲಗೂನ ತಣ್ಣಗಾಗ್ತದ. ಕೆಲವು ಮಾಡೆಲ್‌ನಾಗ ಗುಳ್ಳಿ ಚಾಲೂ ಇದ್ದಾಗ ಹೀಟರ್ ಬಂದ್ ಆಗ್ತದ. ಐದು ನಿಮಿಷ ಬಿಟ್ಟು ಆರಿಸ್ರಿ.

7. ಹೊರಗ ಬರೂದು

ಟಾವೆಲ್ಲು ಕೈಗೆ ಸಿಗೂ ಕಡೆ ಇರಬೇಕು, ಮನಿ ಒಳಗಿನ ಗೂಟಕ್ಕ ಅಲ್ಲ. ತಟ್ಟನ ಎದ್ದ ನಿಲ್ಲಬ್ಯಾಡ್ರಿ: ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳದಿರ್ತದ, ಎದ್ದ ಕೂಡಲೆ ಕಣ್ಣಿಗೆ ಕತ್ತಲಿ ಬರ್ತದ. ಎದಿ ಮಟ ಮ್ಯಾಲೆ ಬಂದು ಒಂದ ನಿಮಿಷ ಕುಂತು, ಅಂಚು ಹಿಡದು ಏಳ್ರಿ. ಹಸಿ ಫರ್ಸಿ ಜಾರ್ತದ, ಚಪ್ಲಿ ಹಾಕ್ಕೋರಿ. ತಲಿಗೆ ಟೊಪ್ಪಿಗಿ. ಒಳಗ ಹೋಗಿ ಸಾದಾ ನೀರಾಗ ಕ್ಲೋರಿನ್ ತೊಳ್ಕೊಂಡು, ಮೈ ಒರಸಿ, ಈಗ ಹಚ್ಚರಿ ಕೊಬ್ಬರಿ ಎಣ್ಣಿ. ನಮ್ಮ ಒಣಗಾಳಿಗೆ ಇದನ್ನ ಬಿಟ್ರ ಮರುದಿನ ಕಾಲು ಬಿರದಿರ್ತಾವು.

ಒಂದೆರಡು ದಿನದಾಗ ಮೈಗೆ ಕೆಂಪು ಗುಳ್ಳಿ ಎದ್ರ ಕ್ಲೋರಿನ್ ಕಡಿಮಿ ಇತ್ತು ಅಂತ ಅರ್ಥ, ಟಬ್ ಖಾಲಿ ಮಾಡಿ ತೊಳೀರಿ. ಎರಡು ವಾರದೊಳಗ ಜ್ವರ, ಕೆಮ್ಮು, ದಮ್ಮು ಬಂದ್ರ ಡಾಕ್ಟರ್ ಹಂತ್ಯಾಕ ಹೋಗ್ರಿ, ಹಾಟ್ ಟಬ್ಬಿನ್ಯಾಗ ಕುಂತಿದ್ದೆ ಅಂತ ಬಾಯಿಬಿಟ್ಟು ಹೇಳ್ರಿ. ಹೇಳದಿದ್ರ ಅವರಿಗೆ ಅದು ಹೊಳಿಯೂದಿಲ್ಲ.

8. ನಡುವಿನ ಕೆಲಸ

ಫಿಲ್ಟರ್ ಎರಡು ಮೂರು ದಿನಕ್ಕೊಮ್ಮೆ ಪೈಪಿನ ನೀರಿಂದ ತೊಳೀರಿ, ಒಣಗಾಕ ಇಟ್ಟು ಇನ್ನೊಂದನ್ನ ಹಾಕ್ರಿ. ಮುಚ್ಚಳದ ಬೆಲ್ಟ್ ಬಿಗಿ ಇರ್ಲಿ, ಸಣ್ಣ ಹುಡುಗ್ರು ಇರೂ ಮನ್ಯಾಗ ಅಂತೂ ಇದು ಬಿಲ್ಲಿನ ಮಾತಲ್ಲ, ಜೀವದ ಮಾತು. ತಗದ ಬಿಟ್ಟ, ಕ್ಲೋರಿನ್ ಇಲ್ಲದ ಟಬ್ ಡೆಂಗಿ ಸೊಳ್ಳಿಗೆ ತೊಟ್ಲ ಇದ್ದಂಗ.

ನೀರು ಯಾವಾಗ ಬದಲಸೂದು ಅನ್ನಾಕ ಒಂದು ಲೆಕ್ಕ ಅದ: ಲೀಟರನ್ನ 11.4ರಿಂದ ಭಾಗಿಸ್ರಿ, ಬಂದದ್ದನ್ನ ದಿನಕ್ಕ ಕೂಡೂ ಮಂದಿಯಿಂದ ಭಾಗಿಸ್ರಿ. 900 ಲೀಟರ್, ದಿನಾ ನಾಕು ಮಂದಿ ಅಂದ್ರ ಸುಮಾರು 20 ದಿನ. ಅಷ್ಟರಾಗ ನೊರಿ ಬಂದ್ರ, ನೀರು ಮಬ್ಬಾದ್ರ, ನಾತ ಹೊಡದ್ರ ದಿನಾ ಎಣಸಬ್ಯಾಡ್ರಿ, ನೀರು ಹೊರಗ ಬಿಡ್ರಿ. ಬಿಡೂ ಮೊದಲ ಎರಡು ದಿನ ಬಿಸಲಿಗೆ ಮುಚ್ಚಳ ತಗದಿಟ್ಟು ಪಟ್ಟಿಯಾಗ ಕ್ಲೋರಿನ್ ಸೊನ್ನಿ ಆದ ಮ್ಯಾಲೆ ಅಂಗಳ ತೊಳಿಯಾಕ, ಗಾಡಿ ತೊಳಿಯಾಕ, ತೆಂಗಿನ ಬುಡಕ್ಕ ಬಳಸಬಹುದು. ತುಳಸಿ ಕುಂಡಕ್ಕ ಬ್ಯಾಡ.

9. ಎತ್ತಿಡೂದು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮ್ಯಾಲೆ ಟಬ್ಬಿನ ಕೆಲಸಾನೂ ಮುಗೀತದ. ನೀರು ಪೂರಾ ಬಿಟ್ಟು, ಬಟ್ಟಿಯಿಂದ ಒರಸಿ, ನೆರಳಿನ್ಯಾಗ ಎರಡು ದಿನ ಒಣಗಸ್ರಿ, ಪಂಪಿನ ಒಳಗಿನ ನೀರೂ ಬಗ್ಗಿಸಿ ಬಸೀರಿ. ಹಸಿ ಇದ್ದಾಗ ಮಡಚಿಟ್ರ ಮಳಿಗಾಲದಾಗ ಬೂಸಲ ಹಿಡೀತದ. ಮಾಳಗಿ ಮ್ಯಾಲಿನ ಅಟ್ಟದಾಗ ಇಡೂವರು ಡಬ್ಬಿಯಾಗ ಇಡ್ರಿ, ಇಲಿಗೆ ಆ ಪ್ಲಾಸ್ಟಿಕ್ಕು ಯಾಕೋ ಭಾಳ ರುಚಿ. ಹಳೇ ಫಿಲ್ಟರ್ ಇಟ್ಕೋಬ್ಯಾಡ್ರಿ, ದೀಪಾವಳಿಗೆ ಹೊಸಾದ ಹಾಕ್ರಿ.